ಮೇಲಿನ ಕೋಣೆಯ ಎರಡನೆಯ ಕೀಲಿ

"ಅಮ್ಮಾ, ಕನ್ನಡಕದಕ್ಕನಿಗೆ ಐದು ಜನ ಅಮ್ಮಂದಿರಂತೆ. ನನಗೆ ಯಾಕೆ ಒಬ್ಬಳೇ?"

ಪುಟ್ಟಿ ಹೀಗೆ ಕೇಳಿದ್ದು ಮಂಗಳವಾರ ಬೆಳಿಗ್ಗೆ, ಶಾಲೆಗೆ ಹೊರಡುವ ಮೊದಲು ತಲೆ ಬಾಚಿಸಿಕೊಳ್ಳುತ್ತಿದ್ದಾಗ. ಐದು ವರ್ಷದ ಮಗು. ದನಿಯಲ್ಲಿ ಹೊಟ್ಟೆಕಿಚ್ಚು ಬಿಟ್ಟರೆ ಬೇರೇನೂ ಇರಲಿಲ್ಲ. ಇದೇ ಪ್ರಶ್ನೆ ಒಂದು ವಾರ ಮೊದಲು ಬಂದಿದ್ದರೆ ತಾಯಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ಆಮೇಲೆ ಮರೆಯದೆ ದಿನಚರಿಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. ಆದರೆ ನಡುವೆ ಸೋಮವಾರ ಬಂದು ಹೋಗಿತ್ತು. ಸೋಮವಾರ ಅವಳು ಆ ಕನ್ನಡಕದಕ್ಕನ ಬಗ್ಗೆ ಒಂದು ಮಾತು ಆಡಿದ್ದಳು. ಆ ಮಾತು ಫಾರಂ ಮೇಲೆ ಏರಿ ಆಫೀಸು ಸೇರಿತ್ತು. ಬಾಚಣಿಗೆ ಅರ್ಧ ತಲೆಯಲ್ಲೇ ನಿಂತಿತು.

"ಯಾರೇ ಹೇಳಿದ್ದು ನಿನಗೆ?"

"ಅಕ್ಕನೇ. ಒಬ್ಬೊಬ್ಬ ಅಮ್ಮನಿಗೂ ಬೇರೆ ಬೇರೆ ಮನೆ ಅಂತೆ. ಒಬ್ಬ ಅಮ್ಮನ ಮನೇಲಿ ನಾಯಿ ಇತ್ತಂತೆ. ನೀನು ನಾಯೀನೂ ಸಾಕಿಲ್ಲ."

ಕನ್ನಡಕದಕ್ಕನೆಂದರೆ ಅವರ ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿರುವ ಹುಡುಗಿ. ವಯಸ್ಸು ಹತ್ತೊಂಬತ್ತು. ಅವಳು ಕನ್ನಡಕ ಹಾಕುವವಳಲ್ಲ; ಮುಖ್ಯರಸ್ತೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಬಂದ ಮೊದಲ ವಾರವೇ ಪುಟ್ಟಿಗೆ ಗಾಜಿಲ್ಲದ ಹಳೆಯ ಫ್ರೇಮೊಂದನ್ನು ತಂದುಕೊಟ್ಟಿದ್ದಳು. ಪುಟ್ಟಿ ಅದನ್ನು ಹಾಕಿಕೊಂಡು ಅಪ್ಪನಿಗೆ ಪಾಠ ಮಾಡಿದಳು, ಹಾಕಿಕೊಂಡೇ ಉಂಡಳು, ಹಾಕಿಕೊಂಡೇ ಮಲಗಿದಳು. ಅಂದಿನಿಂದ ಆ ಹೆಸರು ಅಂಟಿಕೊಂಡಿತು.

ಹೆತ್ತ ತಾಯಿ ಕಾಯಿಲೆ ಬಿದ್ದು ಸಾಕಲಾರದೆ ಹೋದಾಗ ಹುಡುಗಿಗೆ ಆರು ವರ್ಷ. ಮಕ್ಕಳ ಕಲ್ಯಾಣದ ಆಫೀಸಿನವರು ಅಂಥವರನ್ನು ತಾವು ನೋಡಿ ಒಪ್ಪಿದ ಮನೆಗಳಲ್ಲಿ ಬಿಟ್ಟು ಬೆಳೆಸುತ್ತಾರೆ. ಸಾಕುಮನೆ ಎನ್ನುತ್ತಾರೆ ಅದಕ್ಕೆ. ಅವಳ ಪಾಲಿಗೆ ಅಂಥ ಮನೆಗಳು ನಾಲ್ಕು ಬಂದವು. ಮೊದಲನೆಯದರಲ್ಲಿ ವಯಸ್ಸಾದ ಗಂಡಹೆಂಡಿರು. ಗಂಡ ತೀರಿಕೊಂಡಾಗ ಹೆಂಡತಿ ಮಗಳ ಮನೆ ಸೇರಿದಳು. ಎರಡನೆಯದು ನಾಯಿ ಇದ್ದ ಮನೆ. ಆ ಮನೆಯವರಿಗೆ ಬೇರೆ ಊರಿಗೆ ವರ್ಗವಾಯಿತು. ಮೂರನೆಯ ಮನೆಯಲ್ಲಿ ಅವಳಿ ಮಕ್ಕಳು ಹುಟ್ಟಿ ಜಾಗ ಸಾಲದಾಯಿತು. ನಾಲ್ಕನೆಯದರಲ್ಲಿ ಹದಿನೆಂಟು ತುಂಬುವವರೆಗೂ ಇದ್ದಳು. ಯಾರೂ ಅವಳನ್ನು ಹೊಡೆದು ಬಡಿದವರಲ್ಲ. ಒಂದೊಂದು ಮನೆಯವರಿಗೂ ತಮ್ಮ ತಮ್ಮ ತಾಪತ್ರಯ. ಒಂದು ಸಲವೂ ಅವಳ ತಪ್ಪಿರಲಿಲ್ಲ. ಆದರೂ ಪ್ರತಿ ಸಲ ಗಾಡಿ ಬಂದು ನಿಂತಾಗ ಅದರಲ್ಲಿ ಹತ್ತಿ ಕೂರಬೇಕಾದವಳು ಅವಳೇ.

ಹದಿನೆಂಟು ತುಂಬಿತೆಂದರೆ ಸಾಕುಮನೆಯ ಋಣ ಮುಗಿಯಿತು. ಹಾಗೆ ಹೊರಬಿದ್ದವರಿಗೆಂದು ಆಫೀಸಿನವರು ಒಂದು ಯೋಜನೆ ನಡೆಸುತ್ತಿದ್ದರು. ಮನೆಯಲ್ಲಿ ಒಂದು ಕೋಣೆ ಬಿಡುವಾಗಿರುವ ಸಂಸಾರಸ್ಥರು ಹೆಸರು ಕೊಡಬೇಕು. ಹುಡುಗ ಹುಡುಗಿಯರು ಮೂರು ವರ್ಷ ಅಲ್ಲಿದ್ದು, ದುಡಿದು, ತಮ್ಮ ಕಾಲ ಮೇಲೆ ನಿಲ್ಲುವುದನ್ನು ಕಲಿಯಬೇಕು. ಪುಟ್ಟಿಯ ತಾಯಿ ಇದನ್ನು ಪತ್ರಿಕೆಯಲ್ಲಿ ಓದಿ ಗಂಡನ ಬೆನ್ನು ಹತ್ತಿದ್ದಳು. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕು. "ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?" ಎಂದು ಒಂದು ತಿಂಗಳು ಎಳೆದಾಡಿ, ಕೊನೆಗೆ ತಾನೇ ಕೋಣೆಗೆ ಸುಣ್ಣ ಬಳಿದ.

ಷರತ್ತುಗಳ ಹಾಳೆಗೆ ಇಬ್ಬರೂ ಸಹಿ ಹಾಕಿದ್ದರು. ಅದರಲ್ಲಿ ನಾಲ್ಕನೆಯದು ಕೀಲಿಯದು. ಕೋಣೆಗೆ ಎರಡು ಕೀಲಿ. ಒಂದು ಹುಡುಗಿಯ ಹತ್ತಿರ, ಇನ್ನೊಂದು ಮನೆಯವರ ಹತ್ತಿರ. ಬೆಂಕಿ, ನೀರು, ಕಾಯಿಲೆ, ಈ ಮೂರಕ್ಕೆ ಬಿಟ್ಟು ಎರಡನೆಯ ಕೀಲಿ ಮುಟ್ಟುವಂತಿಲ್ಲ. ಮುಟ್ಟಿದರೆ ಮನೆ ಪಟ್ಟಿಯಿಂದ ಹೋಗುತ್ತದೆ, ಇರುವವರನ್ನು ಬೇರೆಡೆಗೆ ಕಳಿಸುತ್ತಾರೆ. ಬೇರೆಡೆ ಎಂದರೆ ಊರಾಚೆಯ ವಸತಿಗೃಹ. ಒಂದೇ ಉದ್ದನೆಯ ಹಾಲ್, ಹದಿನಾರು ಮಂಚ. ಒಂದು ಕೋಣೆಗಾಗಿ ನಲವತ್ತು ಜನ ಕಾಯುತ್ತಿದ್ದರು. ಇದ್ದವರಿಗೆ ಮನೆ ಒಗ್ಗಿಲ್ಲವೆಂದು ಕಂಡರೆ ಕೋಣೆ ಅವರಲ್ಲೊಬ್ಬರಿಗೆ ಹೋಗುತ್ತಿತ್ತು. ಆದ್ದರಿಂದ ಮೂರು ತಿಂಗಳಿಗೊಮ್ಮೆ ಆಫೀಸಿನ ಮೇಡಂ ಒಬ್ಬರು ಫಾರಂ ಹಿಡಿದು ಬರುತ್ತಿದ್ದರು. ಮನೆಯಲ್ಲಿ ಅವರಿಗೆ ಫಾರಂ ಮೇಡಂ ಎಂದೇ ಹೆಸರು.

ಹುಡುಗಿ ಬಂದ ದಿನ ಅವಳ ಕೈಯಲ್ಲಿ ಒಂದು ದೊಡ್ಡ ಬಟ್ಟೆಯ ಚೀಲ, ಒಂದು ತಟ್ಟೆ, ಒಂದು ಕಪ್ಪು. ಮಾತು ಕಡಿಮೆ, ಆದರೆ ಕೇಳುವುದು ಹೆಚ್ಚು.

"ಅಕ್ಕಾ, ಕಿಟಕಿ ತೆಗೆದಿಟ್ಕೊಂಡ್ರೆ ಪರವಾಗಿಲ್ವಾ?"

"ನಿನ್ನ ಕಿಟಕಿ ಕಣಮ್ಮಾ ಅದು."

"ಹೌದು. ಆದ್ರೂ ಕೇಳಿದೆ."

ಬಿಸಿನೀರು ಹಿಡಿಯಲಾ, ಹಗ್ಗದ ಮೇಲೆ ಬಟ್ಟೆ ಹಾಕಲಾ, ಭಾನುವಾರ ಮಲಗಿದ್ರೆ ತಪ್ಪಿಲ್ವಾ. ಕೆಳಗಿನಿಂದ ತಿನ್ನಲು ಏನಾದರೂ ಕಳಿಸಿದರೆ, ತಟ್ಟೆಯ ಬಿಸಿ ಆರುವ ಮೊದಲೇ ತೊಳೆದು ಒರೆಸಿ ವಾಪಸು. ಕೂರು ಎಂದರೆ ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಳು. ಪುಟ್ಟಿಯ ಅಪ್ಪ ತಮಾಷೆ ಮಾಡುತ್ತಿದ್ದ: "ನಮ್ಮ ಡಿಪೋ ಕ್ಯಾಂಟೀನಿಗೆ ಈ ಹುಡುಗೀನ ಕಳಿಸ್ಬೇಕು. ಅಲ್ಲಿ ನಿನ್ನೆ ತಟ್ಟೆ ಇವತ್ತು ತೊಳೀತಾರೆ."

ತಾಯಿಗೆ ಮಾತ್ರ ಅದು ತಮಾಷೆಯಾಗಿ ಕಾಣಲಿಲ್ಲ. ತಟ್ಟೆ ಅಷ್ಟು ಬೇಗ ವಾಪಸು ಬಂದಾಗಲೆಲ್ಲ ಏನೋ ಚುಚ್ಚುತ್ತಿತ್ತು. ಅವಳಿಗೆ ಬೇಕಾಗಿದ್ದದ್ದೇನು? ಹುಡುಗಿಗೆ ಒಂದು ನೆಲೆ ಸಿಗಬೇಕು, ನಿಜ. ಅದರ ಜೊತೆಗೆ, ಆ ನೆಲೆ ಕೊಟ್ಟವಳು ತಾನು ಎನ್ನುವುದು ಹುಡುಗಿಯ ಮುಖದಲ್ಲಿ ಕಾಣಬೇಕು. ಇದನ್ನು ಅವಳು ಯಾರೊಂದಿಗೂ ಹೇಳಿರಲಿಲ್ಲ, ತನಗೂ ಹೇಳಿಕೊಂಡಿರಲಿಲ್ಲ.

ಐದು ತಿಂಗಳಾದ ಮೇಲೆ ಅವಳು ಒಂದು ಪರದೆ ಹೊಲಿದಳು. ಮೇಲಿನ ಕೋಣೆಯ ಕಿಟಕಿಗೆ ಸಂಜೆಯ ಬಿಸಿಲು ನೇರ ಹೊಡೆಯುತ್ತಿತ್ತು. ಮನೆಯಲ್ಲಿದ್ದ ನೀಲಿ ಬಟ್ಟೆ, ಎರಡು ಮಧ್ಯಾಹ್ನದ ಕೆಲಸ, ಅಂಚಿಗೆ ಬಿಳಿ ಪಟ್ಟಿ. ಶನಿವಾರ ಹುಡುಗಿ ಅಂಗಡಿಯಲ್ಲಿದ್ದಾಗ ಹಾಕಿಬಿಟ್ಟರೆ ಸಂಜೆ ಬಂದು ಬೆರಗಾಗುತ್ತಾಳೆ ಎಂದುಕೊಂಡಳು. ಮೊಳೆಯಲ್ಲಿ ನೇತುಹಾಕಿದ್ದ ಎರಡನೆಯ ಕೀಲಿ ತೆಗೆಯುವಾಗ ನಾಲ್ಕನೆಯ ಷರತ್ತು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಪರದೆ ಹಾಕುವುದಕ್ಕೂ ಷರತ್ತೇ ಎಂದುಕೊಂಡಳು. ಪುಟ್ಟಿ ಪರದೆಯ ಬಳೆಗಳ ಡಬ್ಬ ಹಿಡಿದು ಹಿಂದೆ ಬಂದಳು. ಅವಳನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಿ ತಾಯಿ ಒಳಗೆ ಹೋದಳು.

ಒಳಗೆ ಏನೂ ಇರಲಿಲ್ಲ. ಕಪಾಟಿನ ಬಾಗಿಲು ತೆರೆದು ನೋಡಿದಳು. ಅವಳೇ ಹಾಸಿಕೊಟ್ಟಿದ್ದ ಹಳೆ ಪತ್ರಿಕೆ ಹಾಸಿದ ಹಾಗೇ ಇತ್ತು, ಒಂದು ಕರ್ಚೀಫಿನ ಗುರುತೂ ಇಲ್ಲ. ಗೋಡೆಯ ಕೊಕ್ಕೆಗಳು ಖಾಲಿ. ಹಾಸಿಗೆಯ ಮೇಲೆ ಮಡಿಸಿಟ್ಟ ಹೊದಿಕೆ. ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದ ಕಪ್ಪು. ಬಾಗಿಲ ಪಕ್ಕದಲ್ಲಿ ಆ ದೊಡ್ಡ ಚೀಲ, ಬಾಯಿಗೆ ದಾರ ಕಟ್ಟಿ, ಈಗಲೇ ಯಾರೋ ಎತ್ತಿಕೊಂಡು ಹೋಗುತ್ತಾರೆನ್ನುವ ಹಾಗೆ ನಿಂತಿತ್ತು. ಐದು ತಿಂಗಳು ಇದ್ದವಳ ಕೋಣೆಯಲ್ಲ ಅದು, ಬಸ್ ಕಾಯುವವಳ ಬೆಂಚು.

ಅಲ್ಲಿಂದ ಹಾಗೇ ಇಳಿದು ಬಂದಿದ್ದರೂ ಆಗುತ್ತಿತ್ತು. ಆದರೆ ಅವಳು ಕುಕ್ಕರಗಾಲಲ್ಲಿ ಕೂತು ಚೀಲದ ಗಂಟು ಬಿಚ್ಚಿದಳು.

ಮೇಲೆ ಹಲ್ಲುಜ್ಜುವ ಬ್ರಷ್ಷು, ಸೋಪು. ಕೆಳಗೆ ಮಡಿಸಿದ ಬಟ್ಟೆ, ನಾಲ್ಕು ಜೊತೆ. ಅದರ ಕೆಳಗೆ ಒಂದು ಪ್ಲಾಸ್ಟಿಕ್ ಫೈಲು. ಶಾಲೆಯ ಸರ್ಟಿಫಿಕೇಟುಗಳು, ಅಂಗಡಿಯ ಯಜಮಾನರ ಕಾಗದ. ಅವುಗಳ ನಡುವೆ ಪುಟ್ಟಿ ಬರೆದುಕೊಟ್ಟಿದ್ದ ಚಿತ್ರ. ಮಹಡಿ ಮನೆ, ಕೆಳಗೆ ಮೂರು ಜನ, ಮೇಲೆ ಒಬ್ಬಳು, ನಾಲ್ವರಿಗೂ ಕನ್ನಡಕ. ಸುಕ್ಕಾಗದ ಹಾಗೆ ರಟ್ಟಿಗೆ ಒತ್ತಿ ಇಟ್ಟಿದ್ದಳು.

ಮಗಳ ಚಿತ್ರ ನೋಡಿ ತಾಯಿಯ ಮನಸ್ಸು ಕರಗಬೇಕಿತ್ತು. ಕರಗಲಿಲ್ಲ. ಹೋಗುವಾಗ ನೆನಪಿಗೆಂದು ಅದನ್ನೂ ಕಟ್ಟಿಟ್ಟುಕೊಂಡಿದ್ದಾಳೆ, ಹೊರಡುವುದು ಖಾಯಂ ಎಂದೇ ತಿಳಿದಳು. ನಮ್ಮಿಂದ ಏನು ಕಡಿಮೆಯಾಗಿತ್ತು ಎಂದುಕೊಂಡಳು. ಎಲ್ಲವನ್ನೂ ಇದ್ದ ಹಾಗೇ ಇಟ್ಟು, ಗಂಟು ಬಿಗಿದು, ಪರದೆ ಹಾಕದೆ ಇಳಿದು ಬಂದಳು.

"ಹಾಕಿಲ್ವಾ?" ಎಂದಳು ಪುಟ್ಟಿ.

"ಬಳೆ ಸರಿ ಹೋಗಲಿಲ್ಲ."

ಸೋಮವಾರ ಫಾರಂ ಮೇಡಂ ಬಂದರು. ಹುಡುಗಿ ಕೆಲಸಕ್ಕೆ ಹೋಗಿದ್ದಳು. ಮೇಡಂ ಬ್ಯಾಗಿನಿಂದ ಕಾಗದ ತೆಗೆದು, ಪೆನ್ನು ಸಿಗದೆ ಪುಟ್ಟಿಯ ಪೆನ್ಸಿಲ್ ಕೇಳಿ, ಆಮೇಲೆ ಪೆನ್ಸಿಲ್ಲಿನಲ್ಲಿ ಬರೆಯುವಂತಿಲ್ಲ ಎಂದು ಮತ್ತೆ ಬ್ಯಾಗು ತಡಕಿ, ಪ್ರಶ್ನೆಗಳನ್ನು ಓದಿದರು. ಗಲಾಟೆ ಇಲ್ಲವಲ್ಲ. ಕೆಲಸಕ್ಕೆ ಸರಿಯಾಗಿ ಹೋಗುತ್ತಾಳಲ್ಲ. ಎಲ್ಲಕ್ಕೂ ಹೌದು, ಹೌದು. ಕೊನೆಯ ಪ್ರಶ್ನೆ: ನಿವಾಸಿ ಈ ಮನೆಯಲ್ಲಿ ನೆಲೆಗೊಂಡಿದ್ದಾರೆಯೇ?

"ಅದೇನೋ ಗೊತ್ತಿಲ್ಲ ಮೇಡಂ," ಎಂದಳು ಪುಟ್ಟಿಯ ತಾಯಿ. "ಗಂಟು ಕಟ್ಟಿ ಬಾಗಿಲ ಹತ್ರ ಇಟ್ಕೊಂಡಿದ್ದಾಳೆ. ಕಪಾಟಿಗೆ ಒಂದು ಬಟ್ಟೆ ಇಟ್ಟಿಲ್ಲ. ಇವತ್ತೋ ನಾಳೆಯೋ ಅನ್ನೋ ಹಾಗಿದೆ. ಇಷ್ಟು ಮಾಡಿದ್ರೂ ನಮ್ಮನೆ ಅವಳಿಗೆ ಒಗ್ಗಲಿಲ್ಲ ಅಂತ ಕಾಣುತ್ತೆ."

ಮೇಡಂ ತಲೆಯೆತ್ತಿ ನೋಡಿದರು. "ಹೌದಾ. ಪಾಪ, ಕಾಯೋರು ಎಷ್ಟು ಜನ ಇದ್ದಾರೆ ಗೊತ್ತಾ ನಿಮಗೆ," ಎಂದು ಬರೆದುಕೊಂಡರು. ಬರೆಯುವುದಕ್ಕೆ ಎರಡು ಸಾಲು ಹಿಡಿಯಿತು.

ಇದು ಸೋಮವಾರದ ಮಾತು. ಮಂಗಳವಾರ ಬೆಳಿಗ್ಗೆ ಅರ್ಧ ಬಾಚಿದ ತಲೆಯ ಪುಟ್ಟಿ ಕನ್ನಡಕದಕ್ಕನ ಅಮ್ಮಂದಿರನ್ನು ಬೆರಳು ಮಡಿಚಿ ಎಣಿಸುತ್ತಿದ್ದಳು.

"ನಾಯಿ ಅಮ್ಮನ ಮನೆಯಿಂದ ಬರೋವಾಗ ಅಕ್ಕ ಶಾಲೇಲಿದ್ದಳಂತೆ. ವಾಪಸು ಬಂದ್ರೆ ಅವಳ ಬ್ಯಾಗು ಬಾಗಿಲ ಹತ್ರ ಇತ್ತಂತೆ. ಬೇರೆಯವರು ಕಟ್ಟಿದ್ದಂತೆ. ಅದ್ರಲ್ಲಿ ಒಂದೇ ಚಪ್ಪಲಿ ಹಾಕಿದ್ರಂತೆ."

"ಇನ್ನೊಂದು?"

"ನಾಯಿ ಹತ್ರ." ಪುಟ್ಟಿ ಕಿಸಕ್ಕನೆ ನಕ್ಕಳು. "ಅದಕ್ಕೇ ಅಕ್ಕ ಈಗ ತಾನೇ ಕಟ್ಟಿಟ್ಕೊಳ್ತಾಳೆ. ಬೇರೆಯವರು ಕಟ್ಟಿದ್ರೆ ಏನಾದ್ರೂ ಬಿಟ್ಟುಹೋಗುತ್ತಂತೆ. ತಾನೇ ಕಟ್ಟಿಟ್ರೆ ಒಳ್ಳೇ ನಿದ್ದೆ ಬರುತ್ತಂತೆ. ನಾನೂ ನನ್ನ ಬ್ಯಾಗ್ ಕಟ್ಟಿಡ್ಲಾ ಅಮ್ಮಾ?"

ತಾಯಿ ಬಾಚಣಿಗೆಯನ್ನು ಮತ್ತೆ ಓಡಿಸಿದಳು. ಜಡೆ ಹೆಣೆದು ರಿಬ್ಬನ್ನು ಕಟ್ಟಿದಳು, ಶಾಲೆಗೆ ಬಿಟ್ಟು ಬಂದಳು, ಬಂದವಳು ಒಲೆಯ ಮುಂದೆ ನಿಂತಳು. ಕಿವಿಯ ತುದಿ ಸುಡುತ್ತಿತ್ತು. ಹೋಗಲಿಕ್ಕೆ ಕಟ್ಟಿದ ಗಂಟಲ್ಲ ಅದು. ನಿದ್ದೆ ಮಾಡಲಿಕ್ಕೆ ಕಟ್ಟಿದ್ದು. ಅಷ್ಟು ಸಣ್ಣ ವಿಷಯವನ್ನು ಐದು ವರ್ಷದ ಮಗುವಿಗೆ ಹೇಳುವಷ್ಟು ಸಲಿಗೆ ಆ ಹುಡುಗಿಗೆ ಈ ಮನೆಯಲ್ಲಿ ಬಂದಿತ್ತು. ಇನ್ನು ನೆಲೆಗೊಳ್ಳುವುದೆಂದರೆ ಹೇಗಿರುತ್ತದೆ?

ಮಧ್ಯಾಹ್ನ, ಪುಟ್ಟಿ ಬಂದು ಊಟ ಮಾಡಿ ಚಿತ್ರ ಬರೆಯುತ್ತ ಕೂತ ಮೇಲೆ, ಆಫೀಸಿಗೆ ಫೋನು ಮಾಡಿದಳು.

"ಮೇಡಂ, ನಿನ್ನೆ ನಾನು ಹೇಳಿದ್ದು ಸ್ವಲ್ಪ ತಪ್ಪಾಯ್ತು. ಅದನ್ನ ತೆಗೆದುಬಿಡೋಕೆ ಆಗುತ್ತಾ?"

"ನಿನ್ನೆಯೇ ಹೋಯ್ತಲ್ಲಮ್ಮ ಮೇಲಕ್ಕೆ. ಶುಕ್ರವಾರ ವಿಚಾರಣೆ. ಕಾಗದ ಅವಳಿಗೆ ನಾಳೆ ಬರುತ್ತೆ. ನೀವು ಬಂದು ಎದುರಿಗೇ ಹೇಳಿ." ಆಮೇಲೆ ಮೇಡಂ ಕೇಳಿದರು, "ಅಂದಹಾಗೆ, ಗಂಟು ನೀವು ನೋಡಿದ್ದು ಹೇಗೆ? ಅವಳೇ ತೋರಿಸಿದ್ಲಾ?"

"ಒಂದು ನಿಮಿಷ ಮೇಡಂ, ಮಗು ಅಳ್ತಾ ಇದೆ," ಎಂದು ಫೋನು ಇಟ್ಟುಬಿಟ್ಟಳು.

ಪುಟ್ಟಿ ಬಣ್ಣದ ಪೆನ್ಸಿಲ್ ಕೈಯಲ್ಲಿ ಹಿಡಿದು ತಲೆಯೆತ್ತಿದಳು. "ನಾನು ಅಳ್ತಾ ಇಲ್ವಲ್ಲ."

ಬುಧವಾರ ಸಂಜೆ ಹುಡುಗಿ ಕಾಗದ ಹಿಡಿದು ಕೆಳಗೆ ಬಂದಳು. ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಅಕ್ಕಾ, ಆಫೀಸಿಂದ ಕರೆದಿದ್ದಾರೆ. ರೂಮಿನ ವಿಷಯ. ನನ್ನಿಂದ ಏನಾದ್ರೂ ತಪ್ಪಾಯ್ತಾ?"

ಕಾಗದದಲ್ಲಿ ಯಾರು ಹೇಳಿದರು, ಏನು ಹೇಳಿದರು ಎಂದು ಇರಲಿಲ್ಲ. ಪುಟ್ಟಿಯ ತಾಯಿ ಮೂರು ಸಲ ಓದಿದಳು. ಆ ಹೊತ್ತಿನಲ್ಲಿ ಹೇಳಿಬಿಡಬಹುದಿತ್ತು. ಬಾಯಿಯವರೆಗೂ ಬಂದಿತ್ತು.

"ನನಗೇನು ಗೊತ್ತಮ್ಮ," ಎಂದಳು. "ಆಫೀಸಿನವರು, ಕೆಲಸ ಇರಲಿಲ್ಲ ಅಂದ್ರೆ ಕಾಗದ ಕಳಿಸ್ತಾರೆ."

ಹುಡುಗಿ ಅವಳನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ, "ನಿಮ್ಮ ಕನ್ನಡಕ ಜಾರ್ತಾ ಇದೆಯಲ್ಲ, ಕೊಡಿ," ಎಂದಳು. ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಎರಡೂ ಕಡೆಯ ತಿರುಪು ಬಿಗಿ ಮಾಡಿದಳು. ಮೂಗಿನ ಮೇಲೆ ಕೂರುವ ಮೆತ್ತೆಗಳನ್ನು ಹೆಬ್ಬೆರಳಿನಿಂದ ಒತ್ತಿ, ಗಾಜನ್ನು ಬಟ್ಟೆಯ ತುದಿಯಿಂದ ಒರೆಸಿ, ತಾನೇ ತೊಡಿಸಿದಳು. ಮೇಲೆ ಹೋಗುವಾಗ ಮೆಟ್ಟಿಲು ಗುಡಿಸಿಕೊಂಡು ಹೋದಳು. ಯಾರೂ ಹೇಳಿರಲಿಲ್ಲ.

ಕೆಳಗೆ ನಿಂತವಳಿಗೆ ಪೊರಕೆಯ ಸದ್ದು ಒಂದೊಂದು ಮೆಟ್ಟಿಲಿಗೂ ಕೇಳಿಸಿತು. ಒಳ್ಳೆಯವಳಾಗಿದ್ದರೆ ಉಳಿಸಿಕೊಳ್ಳುತ್ತಾರೇನೋ ಎಂದು ಗುಡಿಸುತ್ತಿದ್ದಾಳೆ, ಆರನೆಯ ವಯಸ್ಸಿನಿಂದ ಹೀಗೇ ಗುಡಿಸಿರಬೇಕು ಎಂದು ಹೊಳೆದಾಗ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು. ಗಂಡ ಬಂದ ಕೂಡಲೇ ಎಲ್ಲವನ್ನೂ ಹೇಳಿದಳು. ಗಂಟು ಬಿಚ್ಚಿದ್ದೊಂದನ್ನು ಬಿಟ್ಟು.

ಅವನು ಕೈಯ ಗ್ರೀಸು ತೊಳೆಯುತ್ತ ಕೇಳಿಸಿಕೊಂಡ. "ಇಂಜಿನ್ನು ಸುಮ್ನೆ ಓಡ್ತಾ ಇತ್ತು. ನೀನು ಯಾಕೆ ಬಾನೆಟ್ ತೆಗೆಯೋಕೆ ಹೋದೆ?"

"ಪರದೆ ಹಾಕೋಣ ಅಂತ ಹೋದೆ ಕಣ್ರೀ."

"ಪರದೆ ಎಲ್ಲಿದೆ?"

ಪರದೆ ಬೀರುವಿನಲ್ಲಿ ಮಡಿಸಿದ ಹಾಗೇ ಇತ್ತು.

"ಅವಳ ಹತ್ರ ಹೋಗಿ ಹೇಳು," ಎಂದ ಅವನು. "ಆಫೀಸಿಗಿಂತ ಮೊದಲು ಅವಳಿಗೆ. ಮನೇಲಿ ಬೇಡ, ಪುಟ್ಟಿ ಇರ್ತಾಳೆ. ನಾಳೆ ಅಂಗಡಿಗೇ ಹೋಗು."

ಗುರುವಾರ ಮಧ್ಯಾಹ್ನ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಗೋಡೆಯುದ್ದಕ್ಕೂ ಕನ್ನಡಿ, ಕನ್ನಡಿಗೊಂದು ದೀಪ. ಎತ್ತ ತಿರುಗಿದರೂ ತನ್ನದೇ ಮುಖ ಎದುರು ಬರುವ ಜಾಗ. ಆ ದಿನ ಅವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಬೇಕಿರಲಿಲ್ಲ. ಹುಡುಗಿ ಒಳಗಿನ ಸಣ್ಣ ಕೋಣೆಯಲ್ಲಿ ಮಷೀನಿನ ಮುಂದೆ ಕೂತಿದ್ದಳು. ಗಾಜಿನ ಮಧ್ಯಕ್ಕೆ ಮಸಿಯಿಂದ ಒಂದು ಚುಕ್ಕೆ ಇಟ್ಟು, ಫ್ರೇಮಿನ ಅಳತೆಗೆ ಅಂಚನ್ನು ತಿರುಗುವ ಕಲ್ಲಿಗೆ ಹಿಡಿದಿದ್ದಳು. ನೀರು ಚಿಮ್ಮಿ ಬೆರಳೆಲ್ಲ ಬಿಳಿ ಗಸಿ. ಒಂದು ಸುತ್ತು ಉಜ್ಜುವುದು, ಬೆಳಕಿಗೆ ಹಿಡಿಯುವುದು, ಇನ್ನೊಂದು ಕೂದಲೆಳೆ ಉಜ್ಜುವುದು.

"ಇವಳ ಬೆರಳಿಗೆ ಕಣ್ಣಿದೆ ತಾಯಿ," ಎಂದರು ಯಜಮಾನರು, ಬಾಯಿತುಂಬ. "ನಾನು ಮೂವತ್ತು ವರ್ಷದಲ್ಲಿ ಒಡೆದಷ್ಟು ಗಾಜನ್ನ ಇವಳು ನೋಡೂ ಇಲ್ಲ. ಆದರೆ ಬಾಯಿ ಮಾತ್ರ ಬೀಗ. ಗಿರಾಕಿ ಹತ್ರ ನಾಲ್ಕು ಮಾತಾಡು ಅಂದ್ರೆ, ಕನ್ನಡಕ ಹಾಕ್ಕೊಂಡ್ಮೇಲೆ ಅವರಿಗೇ ಕಾಣುತ್ತಲ್ಲ ಅಂತಾಳೆ." ನಗುತ್ತ ಊಟದ ಡಬ್ಬಿ ಹಿಡಿದು ಹಿಂದಿನ ಬಾಗಿಲಿನಿಂದ ಹೊರಟರು.

ಮಷೀನು ನಿಂತಿತು. ಪುಟ್ಟಿಯ ತಾಯಿ ನಿಂತೇ ಹೇಳಿದಳು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಹಿಂದುಮುಂದಾಗಿ ಬಂದವು.

"ಶನಿವಾರ ನಾನು ನಿನ್ನ ರೂಮಿಗೆ ಹೋಗಿದ್ದೆ. ನಮ್ಮ ಹತ್ರ ಇರೋ ಕೀಲಿಯಿಂದ ತೆಗೆದು. ನೀನು ಬಿಟ್ಟು ಹೋಗ್ತೀಯ ಅಂದ್ಕೊಂಡೆ. ಮೇಡಂಗೆ ಹಾಗೇ ಹೇಳಿಬಿಟ್ಟೆ. ಆ ಕಾಗದ ಬಂದಿದ್ದು ನನ್ನಿಂದ. ನಿನ್ನೆ ನೀನು ಕೇಳಿದಾಗಲೂ ಸುಳ್ಳು ಹೇಳಿದೆ."

ಹುಡುಗಿ ಗಾಜನ್ನು ಒರೆಸಿ ಫ್ರೇಮಿಗೆ ಕೂರಿಸುತ್ತಿದ್ದಳು. ಟಕ್ ಎಂದು ಕೂತಿತು.

"ಗೊತ್ತು ಅಕ್ಕ."

"ಏನು ಗೊತ್ತು?"

"ಹೋಗಿದ್ದು. ನಾನು ಗಂಟನ್ನ ಎರಡು ಸುತ್ತು ಹಾಕಿ ಕಟ್ತೀನಿ. ಶನಿವಾರ ಬಂದು ನೋಡಿದ್ರೆ ಹೂವಿನ ಗಂಟು ಇತ್ತು. ಪುಟ್ಟಿ ಜಡೆಗೆ ಕಟ್ತೀರಲ್ಲ, ಅಂಥದ್ದು."

ಗಂಡನಿಗೂ ಹೇಳದೆ ಮುಚ್ಚಿಟ್ಟುಕೊಂಡದ್ದು ಆ ಹುಡುಗಿಗೆ ಐದು ದಿನದಿಂದ ಗೊತ್ತಿತ್ತು. ಪುಟ್ಟಿಯ ತಾಯಿ ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತಳು.

"ಮತ್ತೆ ನಿನ್ನೆ ಬಂದು, ತಪ್ಪಾಯ್ತಾ ಅಂತ ಯಾಕೆ ಕೇಳಿದೆ?"

"ನೀವು ಹೇಳ್ತೀರೇನೋ ಅಂತ."

ಅದರಲ್ಲಿ ಚುಚ್ಚುಮಾತಿನ ಸುಳಿವೇ ಇರಲಿಲ್ಲ. ಬಸ್ಸು ಬರುತ್ತದೇನೋ ಎಂದು ನಿಂತೆ, ಬರಲಿಲ್ಲ ಎನ್ನುವ ಹಾಗೆ ಹೇಳಿದಳು. ಪುಟ್ಟಿಯ ತಾಯಿ ಕನ್ನಡಕ ತೆಗೆದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕನ್ನಡಕ ಹಾಕಿಕೊಂಡಾಗ ಅದು ಜಾರದೆ ಗಟ್ಟಿಯಾಗಿ ಕೂತದ್ದು ಇನ್ನಷ್ಟು ನೋಯಿಸಿತು.

"ನಾಳೆ ನಾನೂ ಬರ್ತೀನಿ ಆಫೀಸಿಗೆ. ಎರಡನೇ ಕೀಲಿ ತಗೊಂಡು ಒಳಗೆ ಹೋದೆ, ಚೀಲ ಬಿಚ್ಚಿದೆ, ಎಲ್ಲಾ ಹೇಳಿಬಿಡ್ತೀನಿ. ತಪ್ಪೆಲ್ಲ ನನ್ನದು ಅಂತ ಬರೆದುಕೊಡ್ತೀನಿ."

"ಆಮೇಲೆ?"

"ಆಮೇಲೆ ನಿನ್ನ ಮೇಲೆ ಏನೂ ಉಳಿಯಲ್ಲ."

ಹುಡುಗಿ ಸ್ಕ್ರೂಡ್ರೈವರನ್ನು ಕೆಳಗಿಟ್ಟಳು. "ಅಕ್ಕಾ, ನಾಲ್ಕನೇ ಷರತ್ತು ಓದಿದ್ದೀರಲ್ಲ. ಕೀಲಿ ಬಳಸಿದೆ ಅಂತ ನೀವು ಹೇಳಿದ್ರೆ ನಿಮ್ಮನೆ ಪಟ್ಟಿಯಿಂದ ಹೋಗುತ್ತೆ. ಮನೆ ಹೋದ್ರೆ ರೂಮೂ ಹೋಯ್ತು. ಹೇಳಿ ನೀವು ಹಗುರ ಆಗ್ತೀರಿ. ನಾನು ಹದಿನಾರು ಮಂಚದ ಹಾಲಿಗೆ ಹೋಗ್ತೀನಿ."

ಪುಟ್ಟಿಯ ತಾಯಿ ಇದನ್ನು ಯೋಚಿಸಿಯೇ ಇರಲಿಲ್ಲ. ಬುಧವಾರದಿಂದ ಈವರೆಗೆ ಅವಳು ಯೋಚಿಸಿದ್ದೆಲ್ಲ ಹೇಗೆ ಹೇಳುವುದು, ಹೇಳಿದ ಮೇಲೆ ಎದೆಯ ಭಾರ ಹೇಗೆ ಇಳಿಯುತ್ತದೆ ಎನ್ನುವುದನ್ನೇ. ಪರದೆ ಹೊಲಿದದ್ದೂ ತನಗಾಗಿ, ಮೇಡಂ ಎದುರು ದೂರಿದ್ದೂ ತನಗಾಗಿ, ಈಗ ತಪ್ಪೊಪ್ಪಿಕೊಳ್ಳಲು ಓಡಿಬಂದದ್ದೂ ತನಗಾಗಿಯೇ. ಎದುರಿನ ಕನ್ನಡಿಯಲ್ಲಿ ಕೆಂಪೇರಿದ ಮುಖವೊಂದು ಕೂತಿತ್ತು. ಅದರ ಕಡೆ ನೋಡಲಾರದೆ ನೆಲ ನೋಡಿದಳು.

"ಇಷ್ಟಾದ್ಮೇಲೂ ನಿನಗೆ ನಮ್ಮನೇಲಿ ಇರಬೇಕು ಅನ್ಸುತ್ತಾ?"

"ಅನ್ಸುತ್ತೆ," ಎಂದಳು ಹುಡುಗಿ. "ನೀವು ಇಣುಕಿ ನೋಡಿದ್ರಿ. ಬೇರೆ ಕಡೆ ಅದನ್ನೂ ಮಾಡ್ತಿರಲಿಲ್ಲ." ಫ್ರೇಮನ್ನು ಬೆಳಕಿಗೆ ಹಿಡಿದು ನೋಡುತ್ತ ಸೇರಿಸಿದಳು, "ಬೇಜಾರಾಗಿಲ್ಲ ಅಂತಲ್ಲ. ಆಗಿದೆ. ಅದು ಬೇರೆ ವಿಷಯ. ರೂಮು ಬೇರೆ."

ಹೊರಗೆ ಯಜಮಾನರು ಯಾರೊಂದಿಗೋ ಮಾತಾಡುತ್ತ ವಾಪಸು ಬರುವ ಸದ್ದಾಯಿತು. ಹುಡುಗಿ ದನಿ ತಗ್ಗಿಸಿದಳು. ಐದು ತಿಂಗಳಲ್ಲಿ ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು.

"ಗಂಟು ಹೇಗೆ ನೋಡಿದ್ರಿ ಅಂತ ಕೇಳೇ ಕೇಳ್ತಾರೆ. ಶನಿವಾರ ಅಂತ ಹೇಳ್ಬೇಡಿ, ಶನಿವಾರ ನಾನು ಅಂಗಡೀಲಿದ್ದೆ, ಯಜಮಾನರ ಪುಸ್ತಕದಲ್ಲಿದೆ. ಭಾನುವಾರ ಅನ್ನಿ. ಟೀ ಕುಡಿಯೋಣ ಬನ್ನಿ ಅಂತ ನಾನೇ ಕರೆದೆ, ಮೇಲೆ ಬಂದ್ರಿ, ಚೀಲ ಕಾಣ್ತು, ತಪ್ಪು ತಿಳ್ಕೊಂಡ್ರಿ. ಆಮೇಲೆ ನಾನು ಯಾಕೆ ಕಟ್ಟಿಡ್ತೀನಿ ಅಂತ ನಿಮಗೆ ಗೊತ್ತಾಯ್ತು. ಅಷ್ಟೇ. ಕೊನೇದು ನಿಜಾನೇ ತಾನೇ."

"ನಿನ್ನ ಹತ್ರ ಒಂದೇ ಕಪ್ಪು ಇರೋದು," ಎಂದಳು ಪುಟ್ಟಿಯ ತಾಯಿ. ಯಾಕೆ ಅದನ್ನೇ ಹೇಳಿದಳೋ ಅವಳಿಗೂ ತಿಳಿಯಲಿಲ್ಲ.

"ಹಾಗಾದ್ರೆ ನಿಮ್ಮ ಕಪ್ಪು ನೀವೇ ತಂದ್ರಿ. ಅಲ್ಲಿ ಅಳ್ಬೇಡಿ, ಮನೆಯವರು ಅತ್ತರೆ ಅದನ್ನೂ ಬರ್ಕೊಳ್ತಾರೆ." ಹುಡುಗಿ ಮಷೀನಿನ ಸ್ವಿಚ್ಚಿನ ಮೇಲೆ ಕೈಯಿಟ್ಟಳು, ಒತ್ತಲಿಲ್ಲ. "ನಾನು ಇವತ್ತಿನವರೆಗೂ ಯಾರ ಹತ್ರಾನೂ ಏನೂ ಕೇಳಿಲ್ಲ ಅಕ್ಕ. ಇದೊಂದು ಉಪಕಾರ ಮಾಡಿ. ನಾಳೆ ಹತ್ತು ಗಂಟೆಗೆ ನನ್ನ ಜೊತೆ ಬಂದು, ನಾನೇ ಕರೆದೆ ಅಂತ ಹೇಳಿ."